ಕಪ್ಪು-ಬಿಳುಪು ಪರದೆಯ ಜಾಗ

ಆ ಕಚೇರಿಗಿದ್ದದ್ದು ಒಂದೇ ಹಳೇ ಕಂಪ್ಯೂಟರು. ಕನ್ನಡದ ಪ್ರೋಗ್ರಾಂ ತೆರೆದರೆ ಸಾಕು, ಮೆಮೊರಿ ಸಾಲದು ಅಂತ ಕೈಯೆತ್ತಿಬಿಡುತ್ತಿತ್ತು.

"ಸಂಜೆಯೊಳಗೆ ಕನ್ನಡದಲ್ಲಿ ಪತ್ರ ಬರಬೇಕು. ಇಲ್ದಿದ್ರೆ ಟ್ರಾನ್ಸ್‌ಫರ್ ಮಾಡಿಸ್ತೀನಿ!" ಅಂತ ಚಿಕ್ಕಲಿಂಗಯ್ಯ ಸಾಹೇಬರು ಟೈಪಿಸ್ಟ್ ಲಲಿತಮ್ಮನ ಮೇಲೆ ಗುಡುಗಿದರು.

ಮೆಮೊರಿಯಲ್ಲಿ ಕಪ್ಪು-ಬಿಳುಪು ಪರದೆಗೆಂದೇ ಒಂದು ಜಾಗ ಮೀಸಲಿತ್ತು. ಕಚೇರಿಯಲ್ಲಿದ್ದದ್ದು ಬಣ್ಣದ ಪರದೆ, ಹಾಗಾಗಿ ಆ ಜಾಗ ಖಾಲಿಯೇ ಬಿದ್ದಿತ್ತು. ಲಲಿತಮ್ಮ ಮೆಮೊರಿಯ ಜಾಗ ಹಂಚುವ ಪ್ರೋಗ್ರಾಮಿಗೆ ಒಂದು ಸಾಲು ಬರೆದು, ಕನ್ನಡವನ್ನು ಆ ಖಾಲಿ ಜಾಗದಲ್ಲಿ ಕೂರಿಸಿದರು. ಪತ್ರ ಬಂತು.

ಹೇಗೆಂದು ಕೇಳಿ ತಿಳಿದ ಸಾಹೇಬರು ಕೆಂಡವಾದರು. "ಮೀಸಲು ಜಾಗ ಮುಟ್ಟೋಕೆ ಯಾರ್ರೀ ಅಪ್ಪಣೆ ಕೊಟ್ಟಿದ್ದು? ನಾಳೆ ಆ ಪರದೆ ಬಂದ್ರೆ?"

"ಬಂದ್ರೆ ಎದ್ದು ಬಿಟ್ಟುಕೊಡೋದು ಸಾರ್. ನೀವು ಟೂರ್ ಹೋದಾಗ ನಾವು ನಿಮ್ಮ ಕೋಣೆಯಲ್ಲೇ ಅಲ್ವಾ ಊಟ ಮಾಡೋದು?"

ತಮ್ಮ ಮೇಜಿನ ಮೇಲಿನ ಹುಳಿಯ ಕಲೆ ಎಲ್ಲಿಂದ ಬಂತೆಂದು ಸಾಹೇಬರಿಗೆ ಅವತ್ತು ಗೊತ್ತಾಯಿತು.