ಕಾಶಿಯಲ್ಲಿ ಬಿಟ್ಟು ಬಂದದ್ದು

"ಗುರುಗಳೇ, ನಾನು ಇನ್ನೇನು ಬಿಡಬೇಕು?"

ಕೇಳಿದವನು ಚಂದ್ರಮೌಳಿ. ಆಶ್ರಮಕ್ಕೆ ಬಂದ ಮೇಲೆ ಅವನು ಸಿಹಿ ಬಿಟ್ಟಿದ್ದ. ಹಾಸಿಗೆ ಬಿಟ್ಟು ಬರೀ ನೆಲದ ಮೇಲೆ ಮಲಗುತ್ತಿದ್ದ. ರಾತ್ರಿ ಊಟವನ್ನೂ ಬಿಟ್ಟಿದ್ದ. ಹಿಂದಿನ ದಿನ ಹಬ್ಬ. ಎಲ್ಲರೂ ಪಾಯಸ ಉಣ್ಣುವಾಗ ಅವನು ಎಲೆಗೆ ಕೈ ಅಡ್ಡ ಹಿಡಿದು, ಮಜ್ಜಿಗೆ ಅನ್ನ ಉಂಡು ಎದ್ದಿದ್ದ. ಆದರೂ ಗುರುಗಳು ಅವನ ದೀಕ್ಷೆಯ ಮಾತು ಎತ್ತುತ್ತಿರಲಿಲ್ಲ. ಅದೇ ಅವನ ಸಂಕಟ.

ಗುರುಗಳು ಸೀಬೆಹಣ್ಣಿನ ಹೋಳುಗಳಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದರು. ತಟ್ಟೆಯನ್ನು ಅವನ ಕಡೆ ಸರಿಸಿದರು.

"ಬೇಡ ಗುರುಗಳೇ."

"ಸರಿ ಮಹರಾಯ, ಕೂತುಕೋ. ನಿಂತು ಕೇಳಿದರೆ ಕತೆ ತಲೆಗೆ ಹತ್ತುವುದಿಲ್ಲ, ಕಾಲಿಗೆ ಇಳಿದುಬಿಡುತ್ತದೆ," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವರ್ತಕರು. ಕೋದಂಡ ಶೆಟ್ಟರು ಅಂತ. ಆ ಹೆಸರು ನೀನು ಮರೆತರೂ ಚಿಂತೆಯಿಲ್ಲ, ಊರಿನವರೂ ಮರೆತಿದ್ದರು. 'ಏನೂ ಬೇಡದ ಶೆಟ್ಟರು' ಎಂದರೆ ಸಾಕು, ಮಕ್ಕಳು ಕೂಡ ಅಂಗಡಿ ತೋರಿಸುತ್ತಿದ್ದವು.

ತಂದೆ ತೀರಿಕೊಂಡಾಗ ಶೆಟ್ಟರಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಹಿರಿಯ ಮಗ. ತಮ್ಮಂದಿರನ್ನು ಓದಿಸಿದರು, ತಂಗಿಯರನ್ನು ದಡ ಸೇರಿಸಿದರು. ತಾವು ಮದುವೆ ಬೇಡ ಎಂದರು. ಹೊಸ ಪಂಚೆ ಬೇಡ ಎಂದರು. ಕಾಫಿಗೆ ಸಕ್ಕರೆ ಬೇಡ ಎಂದರು. ಅಂಗಡಿ ಬೆಳೆಯಿತು, ಮನೆಗೆ ಮಹಡಿ ಬಂತು. ಶೆಟ್ಟರು ಮಾತ್ರ ಅಂದಿನ ಹಾಗೆಯೇ ಬೇಡ ಬೇಡ ಎನ್ನುತ್ತಲೇ ಉಳಿದರು. ಊರಿನವರು ಅವರ ಮುಂದೆಯೇ "ಇಂಥವರು ಎಲ್ಲಿ ಸಿಗುತ್ತಾರೆ!" ಎನ್ನುತ್ತಿದ್ದರು. ಅವರು ತಲೆ ತಗ್ಗಿಸಿಕೊಂಡು ಬಟ್ಟೆ ಅಳೆಯುತ್ತಿದ್ದರು.

ಈಗ ಮನೆಯ ಕತೆ ಕೇಳು. ಶೆಟ್ಟರು ಪಂಕ್ತಿಯಲ್ಲಿ ಕೂತರೆ ಯಾರೂ ಎರಡನೆಯ ಸಲ ಏನನ್ನೂ ಕೇಳುತ್ತಿರಲಿಲ್ಲ. ಕೇಳುವುದು ಹೇಗೆ? ಎದುರಿಗೆ ಏನೂ ಬೇಡದವರು ಕೂತಿದ್ದಾರಲ್ಲ. ಮಗು ಹೋಳಿಗೆಗೆ ಕೈ ಚಾಚಿದರೆ ತಾಯಿ ಮೆಲ್ಲನೆ, "ದೊಡ್ಡಪ್ಪನ್ನ ನೋಡು," ಎನ್ನುತ್ತಿದ್ದಳು. ಮಗು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿತ್ತು. ಒಂದು ಸಲ ಅಡುಗೆಮನೆಯಿಂದ ನಗು ಕೇಳಿಸಿತು ಎಂದು ಶೆಟ್ಟರು ಇಣುಕಿದರು. ನಗು ನಿಂತಿತು. ತಮ್ಮನ ಚಿಕ್ಕ ಮಗಳು ಕೆನೆಯ ಬಟ್ಟಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಒರಗಿ ನಿಂತಳು. ನಮ್ಮ ಮನೆಯ ಮಕ್ಕಳಿಗೆ ಎಷ್ಟು ಶಿಸ್ತು ಎಂದುಕೊಂಡು ಶೆಟ್ಟರು ಅಂಗಡಿಗೆ ಹೋದರು.

ಅವರ ತಾಯಿಗೆ ವಯಸ್ಸಾಯಿತು. ಹಾಸಿಗೆ ಹಿಡಿದರು. ಕೊನೆಗಾಲದಲ್ಲಿ ಮಗನನ್ನು ಹತ್ತಿರ ಕರೆದು ಮಾತು ತೆಗೆದುಕೊಂಡರು.

"ನಾನು ಹೋದ ಮೇಲೆ ಕಾಶಿಗೆ ಹೋಗಿ ಬಾ ಮಗಾ. ನಿನಗೆ ಬಹಳ ಇಷ್ಟವಾದದ್ದು ಒಂದನ್ನ ಅಲ್ಲಿ ಬಿಟ್ಟು ಬಾ. ಬಿಡದೆ ಬಂದೆಯೋ, ನನ್ನ ಜೀವಕ್ಕೆ ನೆಮ್ಮದಿಯಿಲ್ಲ."

ಈ ಪದ್ಧತಿ ನಿನಗೂ ಗೊತ್ತಲ್ಲ? ಕಾಶಿಗೆ ಹೋದವರು ತಮಗೆ ಇಷ್ಟವಾದ ಹಣ್ಣನ್ನೋ ತರಕಾರಿಯನ್ನೋ ತಿಂಡಿಯನ್ನೋ ಗಂಗೆಯ ಮುಂದೆ ಬಿಟ್ಟು ಬರುತ್ತಾರೆ. ಆಮೇಲೆ ಬದುಕಿರುವ ತನಕ ಅದನ್ನು ಮುಟ್ಟುವುದಿಲ್ಲ. ಶೆಟ್ಟರು ತಾಯಿಯ ಕೈ ಹಿಡಿದು ಆಗಲಿ ಎಂದರು.

ತಾಯಿ ತೀರಿಕೊಂಡರು. ವರ್ಷ ತುಂಬಿದ ಮೇಲೆ ಶೆಟ್ಟರು ಕಾಶಿಗೆ ಹೊರಟರು. ತಮ್ಮಂದಿರು ಜೊತೆಗೆ ಬರುತ್ತೇವೆ ಎಂದರು. ಅದೂ ಬೇಡ. ಒಬ್ಬರೇ ಹೋದರು. ಮಿಂದರು, ದರ್ಶನ ಮಾಡಿದರು, ತಾಯಿಯ ಕಾರ್ಯ ಮುಗಿಸಿದರು. ಉಳಿದದ್ದು ಬಿಡುವುದೊಂದೇ. ಹಿಂದಿರುಗುವ ದಿನ ಬಂತು, ರೈಲು ಸಂಜೆ ಕಳೆದ ಮೇಲೆ ಇತ್ತು. ಬೆಳಿಗ್ಗೆ ಗಂಗೆಯ ಘಾಟಿನಲ್ಲಿ ಪುರೋಹಿತರ ಮುಂದೆ ಕೂತರು. ಆ ಪುರೋಹಿತರು ನಮ್ಮ ಕಡೆಯಿಂದಲೇ ಹೋಗಿ ಅಲ್ಲಿ ನೆಲೆಸಿದವರು. ಬಾಯಿ ಸ್ವಲ್ಪ ಜೋರು.

"ಏನು ಬಿಡ್ತೀರಿ?"

"ಹಾಗಲಕಾಯಿ," ಎಂದರು ಶೆಟ್ಟರು.

"ಅಯ್ಯೋ ದೇವರೇ!" ಎಂದು ಪುರೋಹಿತರು ಕೈಯಲ್ಲಿದ್ದ ಉದ್ಧರಣೆ ಕೆಳಗಿಟ್ಟರು. "ನಮ್ಮ ಕಡೆಯಿಂದ ಬಂದವರೆಲ್ಲ ಹಾಗಲಕಾಯಿಯನ್ನೇ ಬಿಡ್ತಾರೆ. ಗಂಗಮ್ಮ ಎಷ್ಟು ಹಾಗಲಕಾಯಿ ತಿಂದಾಳು? ಅದು ನಿಮಗೆ ಇಷ್ಟವೇ?"

"ಇಷ್ಟ ಅಂತೇನಿಲ್ಲ. ನನಗೆ ಯಾವುದೂ ಇಷ್ಟ ಅಂತಿಲ್ಲ ಸ್ವಾಮಿ. ನನಗೆ ಏನೂ ಬೇಡ."

"ಮತ್ತೆ ಬಿಡೋದು ಏನನ್ನ? ಖಾಲಿ ಚೀಲ ಕೊಡವಿದರೆ ಏನು ಬೀಳುತ್ತೆ? ಏಳಿ. ಊರು ಸುತ್ತಿ. ತಿನ್ನಿ, ಕುಡೀರಿ, ನೋಡಿ. ಏನಾದರೂ ಇಷ್ಟವಾದರೆ ಸಂಜೆ ಆರತಿಗೆ ಮುಂಚೆ ಬನ್ನಿ. ಇಲ್ಲದಿದ್ದರೆ ನನ್ನಿಂದ ಆಗೋದಿಲ್ಲ."

ಶೆಟ್ಟರಿಗೆ ಕಾಲ ಕೆಳಗಿನ ಕಲ್ಲು ಜಾರಿದ ಹಾಗಾಯಿತು. ತಾಯಿಗೆ ಕೊಟ್ಟ ಮಾತು ಸಂಜೆಯೊಳಗೆ ನಡೆಯಬೇಕು. ಆ ಮಾತು ನಡೆಯಬೇಕಾದರೆ ಈ ಅಪರಿಚಿತ ಊರಿನಲ್ಲಿ ತಮಗೆ ಏನು ಇಷ್ಟ ಎಂದು ಹುಡುಕಬೇಕು. ಕಳೆದುಹೋದ ದನ ಹುಡುಕುವವರ ಹಾಗೆ ಗಲ್ಲಿ ಗಲ್ಲಿ ಹೊಕ್ಕರು.

ಮೊದಲು ಒಂದು ಕಚೋರಿ ಅಂಗಡಿ. ಬಿಸಿ ಕಚೋರಿ, ಮೇಲೆ ಆಲೂಗಡ್ಡೆ ಪಲ್ಯ, ಪಕ್ಕದಲ್ಲಿ ಜಿಲೇಬಿ. ಶೆಟ್ಟರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ, ಇದು ನನಗೆ ಇಷ್ಟವೋ ಎಂದು ಕೇಳಿಕೊಂಡರು. ಇನ್ನೊಂದು ತುತ್ತಿಟ್ಟು ಮತ್ತೆ ಕೇಳಿಕೊಂಡರು. ಪ್ರತಿ ತುತ್ತಿಗೂ ವಿಚಾರಣೆ ನಡೆಸಿದರೆ ರುಚಿ ಎಲ್ಲಿಂದ ಬರಬೇಕು? ಎಲೆ ಖಾಲಿಯಾಯಿತು, ಉತ್ತರ ಸಿಗಲಿಲ್ಲ. ಅಂಗಡಿಯವನು ಇನ್ನೊಂದು ಹಾಕಲು ಬಂದ. ಶೆಟ್ಟರು ರೂಢಿಯಂತೆ ಬೇಡ ಎಂದು ಕೈಯಾಡಿಸಿದರು. ಅವನು ನಕ್ಕು ಹಾಕಿಯೇಬಿಟ್ಟ. ಇವರು ಏನೂ ಬೇಡದ ಶೆಟ್ಟರು ಎಂದು ಅವನಿಗೇನು ಗೊತ್ತು, ಪಾಪ. ಆ ಎರಡನೆಯದನ್ನು ಶೆಟ್ಟರು ಸುಮ್ಮನೆ ತಿಂದರು. ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು.

ಅಲ್ಲಿಂದ ದೋಣಿ. ಶೆಟ್ಟರು ಹಿಂದಿನ ಮೂಲೆಯಲ್ಲಿ ಮುದುಡಿ ಕೂತರು. ಬೇರೆಯವರಿಗೆ ಜಾಗ ಇರಲಿ ಅಂತ. ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಂಬಿಗ ಹಣೆ ಚಚ್ಚಿಕೊಂಡು ಮುಂದೆ ಹೋಗಿ ಎಂದು ಸನ್ನೆ ಮಾಡಿದ. ಮುಂದೆ ಹೋಗಿ ಕೂತರು. ಇಡೀ ಊರು ಮೆಟ್ಟಿಲು ಮೆಟ್ಟಿಲಾಗಿ ಕಣ್ಣ ಮುಂದೆ ಸರಿಯಿತು. ನೀರಿಗೆ ಕೈ ಇಳಿಬಿಟ್ಟರು. ಇಷ್ಟವೋ ಅಲ್ಲವೋ ಎಂದು ಕೇಳಿಕೊಳ್ಳಲು ಮರೆತೇಹೋಯಿತು.

ಇಳಿದ ಕಡೆ ಒಬ್ಬ ಎಣ್ಣೆ ಹಚ್ಚುವವನು ಹಿಡಿದು ಕೂರಿಸಿದ. ತಲೆಗೆ ಎಣ್ಣೆ ಬಿದ್ದು, ಅವನ ಬೆರಳು ಆಡತೊಡಗಿದ್ದೇ ತಡ, ಶೆಟ್ಟರ ಕಣ್ಣು ಎಳೆಯಿತು. ಅವರ ತಲೆಯನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ. ಬಿಸಿಲಿನಲ್ಲಿ, ಕಲ್ಲಿನ ಮೇಲೆ, ಗೊರಕೆ ಹೊಡೆದು ಮಲಗಿದರು.

ಎದ್ದಾಗ ಹೊತ್ತು ಇಳಿದಿತ್ತು. ಅಯ್ಯಯ್ಯೋ, ಅಮ್ಮನ ಕೆಲಸ ಬಿಟ್ಟು ನಿದ್ದೆ ಹೊಡೆದೆನಲ್ಲ ಎಂದು ಲಗುಬಗೆಯಿಂದ ಹೊರಟರು. ಬಾಯಿ ಒಣಗಿತ್ತು. ದಾರಿಯಲ್ಲಿ ಒಂದು ಲಸ್ಸಿ ಅಂಗಡಿ. ಗಟ್ಟಿ ಮೊಸರನ್ನು ಸಕ್ಕರೆ ಹಾಕಿ ಕಡೆದು, ಮಣ್ಣಿನ ಕುಡಿಕೆಗೆ ಸುರಿದು, ಮೇಲೆ ಒಂದು ಪದರ ಕೆನೆ ಇಟ್ಟು ಕೊಡುತ್ತಾರೆ. ಶೆಟ್ಟರು ಬೆಂಚಿನ ಮೇಲೆ ಕೂತು ಆ ಕೆನೆಯನ್ನು ಬಾಯಿಗಿಟ್ಟರು.

ಇಟ್ಟರು ನೋಡು, ಕಣ್ಣಲ್ಲಿ ನೀರು ಬಂತು.

ತಂದೆ ಹೋದ ವರ್ಷ ಮನೆಯಲ್ಲಿ ಒಂದೇ ಹಸು ಇತ್ತು. ತಾಯಿ ಹಾಲಿನ ಕೆನೆ ತೆಗೆದು ಹಿರಿಯ ಮಗನ ಬಟ್ಟಲಿಗೆ ಹಾಕುತ್ತಿದ್ದರು. ಹುಡುಗನಿಗೆ ಕೆನೆ ಎಂದರೆ ಪ್ರಾಣ. ಆದರೂ ನನಗೆ ಬೇಡಮ್ಮ ಎಂದು ತಮ್ಮನ ಕಡೆಗೆ ತಳ್ಳುತ್ತಿದ್ದ. ಪಕ್ಕದ ಮನೆಯಾಕೆ ನೋಡಿ, "ಎಂಥಾ ಬಂಗಾರದಂಥ ಮಗುವಮ್ಮಾ!" ಎಂದಿದ್ದರು. ಆ ಮಾತು ಕೆನೆಗಿಂತ ಸಿಹಿಯಾಗಿತ್ತು. ಬಡತನ ಹೋಯಿತು, ಹಸುಗಳು ಹೆಚ್ಚಿದವು. ಹುಡುಗ ಮಾತ್ರ ಆ ಮಾತಿನ ರುಚಿ ಬಿಡಲಿಲ್ಲ.

ಅದೇ ಬೆಂಚಿನಲ್ಲಿ ಯಾವುದೋ ಊರಿನ ಒಬ್ಬ ಅಜ್ಜ ಮೊಮ್ಮಗಳ ಜೊತೆ ಲಸ್ಸಿ ಕುಡಿಯುತ್ತಿದ್ದ. ಮೀಸೆಯೆಲ್ಲ ಕೆನೆ. ಮೊಮ್ಮಗಳು ಕೈ ತೋರಿಸಿ ಕಿಲಕಿಲ ನಕ್ಕಳು. ಅಜ್ಜ ಮೀಸೆಯ ಕೆನೆ ಬೆರಳಲ್ಲಿ ತೆಗೆದು ಅವಳ ಮೂಗಿಗೆ ಹಚ್ಚಿದ. ಅವಳು ಇನ್ನೂ ನಕ್ಕಳು, ಅಂಗಡಿಯವನೂ ನಕ್ಕ. ಶೆಟ್ಟರೂ ನಗಲು ಹೋದರು. ಆಗ ತಮ್ಮ ಮನೆಯ ಮಗು ನೆನಪಾಯಿತು. ಬಟ್ಟಲು ಬೆನ್ನ ಹಿಂದೆ ಬಚ್ಚಿಟ್ಟು ಗೋಡೆಗೆ ಒರಗಿ ನಿಂತಿತ್ತಲ್ಲ, ಅದು. ಅದು ಶಿಸ್ತಾಗಿರಲಿಲ್ಲ, ನನ್ನನ್ನು ಕಂಡರೆ ಭಯ ಎಂದು ಶೆಟ್ಟರಿಗೆ ಆಗ ತಿಳಿಯಿತು. ಆಮೇಲೆ ಇನ್ನೊಂದು ಲಸ್ಸಿ ಕೇಳಿ ಕುಡಿದರು.

ಸಂಜೆ ಪುರೋಹಿತರು ನೋಡುತ್ತಾರೆ, ತಲೆಯೆಲ್ಲ ಎಣ್ಣೆ, ಅಂಗಿಗೆ ಪಲ್ಯದ ಕಲೆ, ಮೀಸೆಯ ತುದಿಯಲ್ಲಿ ಕೆನೆ.

"ಆಹಾ! ಸಿಕ್ಕ ಹಾಗಿದೆ?"

"ಸಿಕ್ಕಿತು ಸ್ವಾಮಿ. ಕೆನೆ. ಕೆನೆ ಅಂದರೆ ನನಗೆ ಪ್ರಾಣ."

"ಹಾಗಾದರೆ ಹಿಡೀರಿ ಕೈ," ಎಂದು ಪುರೋಹಿತರು ಬೊಗಸೆಗೆ ನೀರು ಹಾಕಿದರು. "ಇನ್ನು ಮೇಲೆ ಕೆನೆ ಮುಟ್ಟೋದಿಲ್ಲ ಅಂತ ಹೇಳಿ, ನೀರು ಬಿಡಿ."

ಶೆಟ್ಟರು ನೀರು ಬಿಡಲಿಲ್ಲ.

"ಕೆನೆಯನ್ನ ನಾನು ಆಗಲೇ ಒಂದು ಸಲ ಬಿಟ್ಟಿದ್ದೆ ಸ್ವಾಮಿ. ಅದನ್ನ ಬಿಟ್ಟು ಇನ್ನೊಂದನ್ನ ಹಿಡ್ಕೊಂಡೆ. ಶೆಟ್ಟರಿಗೆ ಏನೂ ಬೇಡ ಅಂತ ಊರವರು ಹೊಗಳ್ತಾರೆ. ಆ ಹೊಗಳಿಕೆ ಅಂದರೆ ನನಗೆ ಕೆನೆಗಿಂತ ಇಷ್ಟ. ಅದಕ್ಕೋಸ್ಕರ ಮನೆಮಂದಿಯ ಬಾಯಿ ಕಟ್ಟಿದೆ. ನಮ್ಮಮ್ಮ ಹೇಳಿದ್ದು ಇದನ್ನೇ ಇರಬೇಕು. ಇದನ್ನ ಬಿಡ್ತೀನಿ."

ಬಾಯಿ ಜೋರಿನ ಪುರೋಹಿತರು ಕೈ ಜೋಡಿಸಿದರು. ಆಮೇಲೆ, "ಇದಕ್ಕೆ ನನ್ನ ಹತ್ತಿರ ಮಂತ್ರವಿಲ್ಲ. ನೀರು ಬಿಡಿ, ಸಾಕು," ಎಂದರು.

ನೀರು ಬಿಟ್ಟರು. ಹೆಗಲ ಮೇಲಿನ ಬಟ್ಟೆಯ ಹೊರೆ ಇಳಿಸಿದ ಹಾಗೆ ಉಸಿರು ಹಗುರವಾಯಿತು. ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗವನ್ನು ಯಾರಿಗೂ ಬಿಟ್ಟುಕೊಡದೆ, ಅಲ್ಲೇ ಕೂತು ಊರು ಸೇರಿದರು.

ಕಾಶಿಯಿಂದ ಬಂದವರಿಗೆ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಪಂಕ್ತಿ ಕೂತಿತು. ಎಂದಿನಂತೆ ಸದ್ದಿಲ್ಲ. ಭಾವನವರು ಅಲ್ಲಿ ಏನು ಬಿಟ್ಟು ಬಂದರೋ, ಬಡಿಸಬಾರದ್ದನ್ನು ಬಡಿಸಿಬಿಟ್ಟೇನೋ ಎಂದು ತಮ್ಮನ ಹೆಂಡತಿಗೆ ಅಳುಕು. ಒಂದು ಹೋಳಿಗೆ ಹಾಕಿ ಮುಂದೆ ಹೋಗುತ್ತಿದ್ದಳು.

"ಅಮ್ಮಾ, ಇನ್ನೊಂದು ಹಾಕು. ತುಪ್ಪ ಕಡಿಮೆ ಆಯಿತು," ಎಂದರು ಶೆಟ್ಟರು. "ಆ ಕೆನೆಯ ಬಟ್ಟಲನ್ನೂ ತಾ."

ತಮ್ಮಂದಿರು ಮುಖ ಮುಖ ನೋಡಿಕೊಂಡರು. ಅವಳು ಕೆನೆ ತಂದಿಟ್ಟಳು. ಶೆಟ್ಟರು ಬೆರಳಲ್ಲಿ ಕೆನೆ ತೆಗೆದು ಮೀಸೆಗೆ ಬಳಿದುಕೊಂಡು ತಮ್ಮನ ಚಿಕ್ಕ ಮಗಳ ಕಡೆ ತಿರುಗಿದರು. ಅದು ಮೊದಲು ಕಣ್ಣರಳಿಸಿ ನೋಡಿತು. ಆಮೇಲೆ ಫಕ್ಕನೆ ನಕ್ಕು, "ದೊಡ್ಡಪ್ಪಾ, ನಂಗೂ!" ಎಂದು ಕೈ ಚಾಚಿತು. ತಾಯಿ ತಡೆಯಲಿಲ್ಲ. ಒಂದೊಂದೇ ಎಲೆಯಿಂದ "ನನಗೂ, ನನಗೂ" ಎಂಬ ಕೂಗು ಎದ್ದಿತು. ತಮ್ಮನ ಹೆಂಡತಿ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ನಗುತ್ತ ಹೊರಗೆ ಬಂದಳು. ಆ ದಿನ ಹೋಳಿಗೆ ಸಾಲದೆ ಮತ್ತೆ ಒಲೆ ಹೊತ್ತಿಸಿದರು.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಹೋಳು ಬಾಯಿಗೆ ಹಾಕಿಕೊಂಡರು.

"ಗುರುಗಳೇ, ಅದು ಸಂಸಾರದಲ್ಲಿರುವವರ ಕತೆ. ನಾನು ಕೇಳಿದ್ದು ನನ್ನ ವಿಷಯ."

"ಹೌದಲ್ಲ, ಮರೆತಿದ್ದೆ," ಎಂದು ಗುರುಗಳು ಕೈ ಒರೆಸಿಕೊಂಡರು. "ನಿನ್ನೆ ಪಂಕ್ತಿಯಲ್ಲಿ ನೀನು ಪಾಯಸ ಬೇಡ ಎಂದಾಗ ಯಾರು ಯಾರು ನಿನ್ನ ಕಡೆ ನೋಡಿದರು, ಹೇಳು ನೋಡೋಣ?"

ಚಂದ್ರಮೌಳಿಗೆ ಒಬ್ಬೊಬ್ಬರ ಹೆಸರೂ ನೆನಪಿತ್ತು.