ಬ್ಯಾನರ್ ಬಿಚ್ಚುವ ಜಾಗ

ಗುರುವೆಂದರೆ ಗಡ್ಡ ಇರಲೇಬೇಕು ಎನ್ನುವವರು ಮಹಾನಂದಕ್ಕನನ್ನು ನೋಡಿಲ್ಲ. ಬಾದಾಮಿಯ ಬಂಡೆಗಳ ಮೇಲೆ ಹೆಣ್ಣುಮಕ್ಕಳಿಗೆ ಹತ್ತುವುದನ್ನು ಕಲಿಸಿದವಳು ಅವಳು.

ಒಂದು ವರ್ಷ ಶಿಷ್ಯೆ ದಾನೇಶ್ವರಿಯನ್ನು ಹಿಮಾಲಯಕ್ಕೆ ಕರೆದೊಯ್ದಳು. ದಾನೇಶ್ವರಿಯ ಚೀಲದಲ್ಲಿ ಒಂದು ಬ್ಯಾನರ್ ಇತ್ತು: 'ಹಿಮ ಕರಗುತ್ತಿದೆ, ಎಚ್ಚರ!' ಅದನ್ನು ಶಿಖರದ ಮೇಲೆ ಬಿಚ್ಚಿ ಫೋಟೋ ತೆಗೆಸಿಕೊಂಡು ಬರುತ್ತೇನೆಂದು ಊರಿಗೆಲ್ಲ ಮಾತು ಕೊಟ್ಟು ಬಂದಿದ್ದಳು.

ಬಿಸಿಲೇರುವ ಮೊದಲೇ, ನಸುಕಿನಲ್ಲಿ ಶಿಖರ ಕಣ್ಣೆದುರಿಗೇ ಬಂತು. ಮಹಾನಂದಕ್ಕ ನಿಂತು ಕೋಲನ್ನು ಹಿಮಕ್ಕೆ ಊರಿದಳು. ಅದು ಹಿಡಿಯವರೆಗೂ ಇಳಿದುಹೋಯಿತು.

"ಈ ಹೊತ್ನಾಗ ಕಲ್ಲಿನಂಗ ಗಟ್ಟಿ ಇರಬೇಕಿತ್ತು. ಸಡ್ಲಾಗೇತಿ. ತಿರುಗು, ಇಳಿಯೂಣು."

"ಅಕ್ಕಾರ, ಇಲ್ಲೇ ಐತಲ್ರಿ ತುದಿ!"

"ಇರ್ಲಿ ಬಿಡು. ನಮ್ಮ ತೂಕ ತಡಿಯೂದಿಲ್ಲ."

"ಊರಾಗ ಏನಂತ ಹೇಳ್ಲಿರಿ? ಎಲ್ಲಾರೂ ನಗ್ತಾರ."

"ನಗಲಿ. ಅವರು ನಗಬೇಕಂದ್ರೂ ನೀ ಮನಿ ಮುಟ್ಟಬೇಕಲ್ಲ."

ದಾನೇಶ್ವರಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಬ್ಬರಿಗೂ ಹಗ್ಗ ಒಂದೇ, ಗುರು ಇಳಿದರೆ ಶಿಷ್ಯೆ ಇಳಿಯಲೇಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗೊಣಗುತ್ತಲೇ ಇಳಿದಳು.

ಬಹಳ ಹೊತ್ತಿನ ಮೇಲೆ ಹಿಮ ಮುಗಿಯಿತು. ಆಮೇಲೆ ಬರೀ ಕಲ್ಲುಮಣ್ಣು. ಅದರಲ್ಲೇ ಮತ್ತಷ್ಟು ದೂರ ನಡೆದು, ಮಹಾನಂದಕ್ಕ ಒಂದು ಕಡೆ ಬೂಟು ಸಡಿಲಿಸಿ ಕುಳಿತಳು.

"ನಾ ಮೊದಲ ಸಲ ಬಂದಾಗ ನಿನ್ನಷ್ಟ ಇದ್ದೆ. ಹಿಮದ ಮ್ಯಾಲೆ ಮೊದಲ ಹೆಜ್ಜಿ ಇಟ್ಟಿದ್ದು ಇಲ್ಲೇ."

ದಾನೇಶ್ವರಿ ತಿರುಗಿ ನೋಡಿದಳು. ಹಿಮದ ಅಂಚು ಎಲ್ಲೋ ಮೇಲೆ, ಹಿಂದೆ ಉಳಿದಿತ್ತು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಅವಳ ಮೊಣಕಾಲು ಸೋತಿದ್ದವು.

"ಬ್ಯಾನರ್ ತಗಿ," ಎಂದಳು ಮಹಾನಂದಕ್ಕ.

"ಇಲ್ಲ್ಯಾಕ್ರಿ? ತುದೀ ಮ್ಯಾಲಾಗಿದ್ರ ಸುತ್ತ ಬೆಳ್ಳಗ ಹಿಮ ಕಾಣ್ತಿತ್ತು. ಚಂದಿರ್ತಿತ್ತು."

"ಹೌದು, ಚಂದಿರ್ತಿತ್ತು. ನೋಡಿದವರು, ಹಿಮಕ್ಕೇನ್ ಬರ ಬಂದೇತಿ, ಬೇಕಾದಷ್ಟೈತಿ ಅಂತಿದ್ರು."

ದಾನೇಶ್ವರಿ ಬ್ಯಾನರನ್ನು ಕೈಯಲ್ಲಿ ಹಿಡಿದುಕೊಂಡೇ ಸುತ್ತ ನೋಡಿದಳು.

"ಆದ್ರ ಅಕ್ಕಾರ, ಇಲ್ಲಿ ತೋರ್ಸಾಕ ಏನೈತ್ರಿ? ಏನೂ ಇಲ್ಲ."

"ಅದನ್ನೇ ತೋರ್ಸು."