ನೂರೆಂಟು ಕಾಂಡ್ಲಾ

ಅಳಿವೆಯ ದಡದ ಆಶ್ರಮದಲ್ಲಿ ಶಂಭುಲಿಂಗ ಎರಡು ವರ್ಷದಿಂದ ಮಂತ್ರೋಪದೇಶಕ್ಕಾಗಿ ಗುರುಗಳ ಬೆನ್ನು ಬಿದ್ದಿದ್ದ. ಬಿಜಾಪುರದ ಕಡೆಯವನು, ಒಳ್ಳೆಯ ಹಟದವನು.

ಒಂದು ದಿನ ಗುರುಗಳು ಹೇಳಿದರು: "ಉಪ್ಪುನೀರು ದಡವನ್ನು ತಿನ್ನುತ್ತಿದೆ. ನಾಳೆ ಊರಿನವರೆಲ್ಲ ಸೇರಿ ಕೆಸರಿನಲ್ಲಿ ಕಾಂಡ್ಲಾ ಗಿಡ ಊರುತ್ತಾರೆ, ಅದರ ಬೇರು ದಡವನ್ನು ಹಿಡಿದು ನಿಲ್ಲಿಸುತ್ತದೆ. ನೀನೂ ಹೋಗು. ಸಂಜೆ ಬಾ, ಮಂತ್ರ ಕೊಡುತ್ತೇನೆ."

ಶಂಭುಲಿಂಗ ಹಿಗ್ಗಿ ಹೀರೇಕಾಯಿಯಾದ. ಬರೀ ಗಿಡ ನೆಟ್ಟರೆ ಏನು ಹೆಚ್ಚುಗಾರಿಕೆ ಎಂದು ತಾನಾಗಿಯೇ ಮೌನವ್ರತವನ್ನೂ ಹಿಡಿದ.

ಬೆಳಗ್ಗೆ ನೀರು ಇಳಿದಿತ್ತು. ಮರದಲ್ಲೇ ಮೊಳೆತು ಉದುರಿದ ಕಾಂಡ್ಲಾ ಕೋಡುಗಳು, ನುಗ್ಗೆಕಾಯಿಯ ಹಾಗೆ ಉದ್ದನೆಯವು, ಬುಟ್ಟಿಯಲ್ಲಿದ್ದವು. ಅವನು ಹಗ್ಗ ಕಟ್ಟಿ, ಸಾಲು ಹಿಡಿದು, ಎಣಿಸಿ ನೂರೆಂಟು ಊರಿದ.

ಪಕ್ಕದ ಸಾಲಿನಲ್ಲಿದ್ದವಳು ಮೀನು ಮಾರುವ ಮಾದೇವಿಯಕ್ಕ. ಮೂರು ಸಲ ಅವನನ್ನು ಕೂಗಿದಳು. ಮೂರು ಸಲವೂ ಅವನು ಕಣ್ಣು ಮುಚ್ಚಿ ಕೈ ಮುಗಿದ.

ಕೊನೆಗೆ ಆಕೆ ಕೆಸರು ತುಳಿದುಕೊಂಡು ಎದುರಿಗೇ ಬಂದು ನಿಂತಳು.

"ಎಂತ ಸ್ವಾಮಿ ಇದು! ಚಿಗುರಿನ ತುದಿ ಮೇಲೆ ಬರ್ಬೇಕು. ನೀವು ಅದನ್ನೇ ಹುಗ್ದು ಬೇರು ಮೇಲೆ ಮಾಡಿದ್ರಲ್ಲ!"

ಶಂಭುಲಿಂಗ ಸಾಲಿನುದ್ದಕ್ಕೂ ನೋಡಿದ. ನೂರೆಂಟೂ ತಲೆಕೆಳಗು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅತ್ತ ನೀರು ಏರಲು ಶುರುವಾಗಿತ್ತು. ಮೌನ ಹಿಡಿದು ಕೂತರೆ ಗಿಡ ಹೋಗುತ್ತದೆ, ಮೌನ ಬಿಟ್ಟರೆ ಮಂತ್ರ ಹೋಗುತ್ತದೆ.

ಅವನು ಬಾಯಿ ಬಿಟ್ಟ.

ಮಾದೇವಿಯಕ್ಕ ನಕ್ಕು ಅಕ್ಕಪಕ್ಕದವರನ್ನೆಲ್ಲ ಕರೆದಳು. ಹತ್ತು ಕೈ ಸೇರಿ ಕಿತ್ತು, ತಿರುಗಿಸಿ, ಊರಿದವು. ಮೊಣಕಾಲಿನವರೆಗೆ ನೀರು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ದಡದಲ್ಲಿ ಕೂತು ಎಲ್ಲರೂ ಗಂಜಿ ಉಂಡರು. ಅವನಿಗೆ ಎರಡು ಸಲ ಬಡಿಸಿದರು.

ಸಂಜೆ ಗುರುಗಳು ಕೇಳಿದರು: "ಎಷ್ಟು ಊರಿದೆ?"

"ನೂರೆಂಟ್ರೀ ಗುರುಗಳೇ. ಎಲ್ಲಾ ಉಲ್ಟಾ ಹಚ್ಚಿದ್ದೆ. ಆಮ್ಯಾಲ ಊರವರೆಲ್ಲಾ ಕೂಡಿ ಸರಿ ಮಾಡಿದ್ರು. ಮೌನಾನೂ ಮುರೀತು. ಇನ್ನ ಯಾವ ಮಾರಿ ಹೊತ್ಕೊಂಡು ಮಂತ್ರ ಕೇಳ್ಲಿರೀ?"

ಹಾಗೆಂದರೂ ಅವನಿಗೆ ದುಃಖವೇನೂ ಆಗಿರಲಿಲ್ಲ. ಹೊಟ್ಟೆ ತುಂಬಿತ್ತು, ಮನಸ್ಸೂ ತುಂಬಿತ್ತು.

"ಮೌನ ಮುರಿದು ಏನೆಂದೆ?"

"'ನನಗ ಗೊತ್ತಿಲ್ರೀ ಅಕ್ಕಾ, ತೋರಸ್ರೀ' ಅಂದೆ."

"ಎಲ್ಲಿ, ಇನ್ನೊಮ್ಮೆ ಹೇಳು."

ಅವನು ಮೆಲ್ಲಗೆ ಹೇಳಿದ.

ಗುರುಗಳು ತಲೆದೂಗಿದರು. "ಉಚ್ಚಾರ ಸರಿಯಾಗಿದೆ. ದಿನಕ್ಕೆ ನೂರೆಂಟು ಸಲ ಜಪಿಸು."